ಹಲ್ಲಿನ ಹಳಿ ಮತ್ತು ಒಂದು ಕೊಡ ನೀರು

ಹಳಿಯಾಳ,
ಸೋಮವಾರ

ಪ್ರೀತಿಯ ಗಂಗಾ,

ಕಾರು ಚಾಲೂ ಆಯಿತು!

ಕ್ಷೇಮ ಸಮಾಚಾರ, ಮಳೆ ಬೆಳೆ, ನಿಮ್ಮ ಎಮ್ಮೆಯ ಆರೋಗ್ಯ, ಎಲ್ಲ ಆಮೇಲೆ. ಮೊದಲು ಇದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಾನು ಫೋನಿನಲ್ಲಿ ‘ಕಾರು’ ಎಂದ ಕೂಡಲೇ ಮುಂಡಗೋಡ ಹತ್ತಿರದ ಇಂದೂರಿನ ನಿನ್ನ ಮನೆಯಲ್ಲಿ ಹಾಲು ಉಕ್ಕುತ್ತದೆ. “ವೈನೀ, ಒಲಿ ಮ್ಯಾಲ ಹಾಲ ಉಕ್ಕಾಕತ್ತೈತಿ, ಇಡ್ತೇನಿ” ಅನ್ನುತ್ತೀ. ಮಧ್ಯಾಹ್ನ ಮಾಡಿದರೂ ಹಾಲು, ಸಂಜೆ ಮಾಡಿದರೂ ಹಾಲು. ಅಷ್ಟು ಹಾಲು ಕೊಡುವ ಎಮ್ಮೆಯನ್ನು ನಿನ್ನ ಗಂಡ ಕಿರಣಕುಮಾರ ಎಲ್ಲಿ ಹಿಡಿದು ತಂದರೋ! ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಅರ್ಧಕ್ಕೆ ಕಟ್ ಮಾಡಲು ಬರುವುದಿಲ್ಲ. ಅಂಚೆಗೂ ಹಾಕುತ್ತಿಲ್ಲ, ನಿನ್ನ ಗಂಡನೇ ತಂದು ನಿನ್ನ ಕೈಯಲ್ಲಿಡುವ ಹಾಗೆ ಏರ್ಪಾಡು ಮಾಡಿದ್ದೇನೆ. ಒಲೆ ಆರಿಸಿ ಕೂತು ಓದು.

ನಿನ್ನೆ ಬೆಳಿಗ್ಗೆ ದಾಂಡೇಲಿಯಿಂದ ರಜಾಕ ಮಾಮಾ ಬಂದರು. ಬಾನೆಟ್ಟಿನೊಳಗೆ ತಲೆ ಹಾಕಿ ಅದನ್ನು ಬಿಗಿ ಮಾಡಿದರು, ಇದನ್ನು ಸಡಿಲಿಸಿದರು, ಏನೋ ಗೊಣಗಿದರು. ಆಮೇಲೆ ಬಿಸ್ಮಿಲ್ಲಾ ಅಂದು ಕೀಲಿ ತಿರುವಿದರು. ಅದು ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಮೂರನೆಯ ಸಲ ‘ಢರ್ರ್’ ಅಂತ ಎದ್ದ ಸದ್ದಿಗೆ ನಮ್ಮ ಹಿತ್ತಲಿನ ಕೋಳಿಗಳೆಲ್ಲ ಪಕ್ಕದ ಮನೆಯ ಮಾಳಿಗೆ ಹತ್ತಿದವು. ಅತ್ತೆ ರೊಟ್ಟಿ ಬಡಿಯುತ್ತಿದ್ದವರು ಹಿಟ್ಟಿನ ಕೈಯಲ್ಲೇ ಓಡಿಬಂದು ಬಾನೆಟ್ಟಿನ ಮೇಲೆ ಕೈ ಇಟ್ಟು, “ಅಯ್ಯ ನಮ್ಮವ್ವ, ಇದಕ್ಕ ಎದಿ ಬಡಿಯಾಕತ್ತೈತಿ!” ಅಂದರು. ಆ ಹಿಟ್ಟಿನ ಕೈಗುರುತು ಇನ್ನೂ ಅಲ್ಲೇ ಇದೆ, ಯಾರಿಗೂ ಒರೆಸಲು ಮನಸ್ಸಿಲ್ಲ. ನಿಮ್ಮಣ್ಣ ಹೊಗೆಯಿಂದ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಂಡು ತಿರುಗಿದರು. ಹೊಗೆ ಇದ್ದದ್ದು ಕಾರಿನ ಹಿಂದೆ, ಅವರು ನಿಂತಿದ್ದು ಮುಂದೆ.

ನಿನಗೆ ಗೊತ್ತೇ ಇದೆ, ಈ ಕಾರಿಗೆ ಇಷ್ಟು ಕುಣಿದಾಡುವ ಹಕ್ಕು ನನಗೂ ಇದೆ. ನನ್ನ ಮದುವೆ ಅದರ ಒಂದು ಬಿಡಿಭಾಗ. ಮಾವ ದಾಂಡೇಲಿಯ ಒಂದು ಹಳೆಯ ಬಂಗಲೆಗೆ ಬಾಗಿಲು ಕೂರಿಸಲು ಹೋಗಿದ್ದರಂತೆ. ಹಲಸಿನ ಮರದ ಕೆಳಗೆ ಇದು ಬಿದ್ದಿತ್ತು. ಎರಡೇ ಸೀಟು, ಮಂಚದಷ್ಟು ಎತ್ತರ, ತಲೆಯ ಮೇಲೆ ಮಡಚುವ ಬಟ್ಟೆಯ ಚಪ್ಪರ, ಸೈಕಲ್ಲಿನ ಹಾಗೆ ಕಡ್ಡಿ ಇರುವ ಗಾಲಿ. ಯಾವ ಕಾಲದಲ್ಲೋ ಒಬ್ಬ ಸಾಹೇಬರು ರೇಸಿಗೆ ಓಡಿಸುತ್ತಿದ್ದರಂತೆ. ಈಗ ತಳದಲ್ಲಿ ಗೆದ್ದಲು, ಮೇಲೆ ತುಕ್ಕು. ಮುರಿದು ಬೀಳುವ ಮೊದಲು ಎತ್ತಿಕೊಂಡು ಹೋಗಿ ಎಂದರಂತೆ ಬಂಗಲೆಯವರು. ಮಾವ ಅದರ ತಗಡು ಎತ್ತಿ ನೋಡಿದರೆ ಒಳಗೆಲ್ಲ ಮರದ ಚೌಕಟ್ಟು! “ಲೋ ಸಿದ್ದಲಿಂಗಾ, ಇದು ಕಾರ ಅಲ್ಲೋ, ತಗಡ ಹೊದ್ದ ಚಕ್ಕಡಿ” ಎಂದು ನಿಮ್ಮಣ್ಣನಿಗೆ ಹೇಳಿ, ನಮ್ಮದೇ ಎತ್ತು ಹೂಡಿ ಹಳಿಯಾಳಕ್ಕೆ ಎಳೆಸಿಕೊಂಡು ಬಂದರಂತೆ. ಎಂಜಿನ್ನು ಮಾತ್ರ ರಜಾಕ ಮಾಮಾನ ಶೆಡ್ಡಿಗೆ ಹೋಯಿತು. ಶೆಡ್ಡಿನ ಎದುರು ಮನೆ ನಮ್ಮಪ್ಪನದು. ಮಾವ ಎಂಜಿನ್ ನೋಡಲು ಬಂದವರು ನನ್ನನ್ನೂ ನೋಡಿಹೋದರು. ಎಂಜಿನ್ನಿಗಿಂತ ಮೊದಲು ನಾನು ಹಳಿಯಾಳ ಸೇರಿದೆ.

ಸೇರಿದ ಮರುವಾರವೇ ಒಂದು ಬುಟ್ಟಿ ತುಕ್ಕು ಹಿಡಿದ ನಟ್ಟು ಬೋಲ್ಟು ನನ್ನ ಮುಂದೆ ಬಂತು. ಹುಣಸೆಹಣ್ಣಿನ ನೀರಲ್ಲಿ ನೆನೆಸಿ, ಬೂದಿ ಹಾಕಿ ತಿಕ್ಕಿದೆ. ಈ ಮನೆಗೆ ಬಂದ ಮೇಲೆ ನಾನು ಪಾತ್ರೆಗಿಂತ ಹೆಚ್ಚು ಕಾರನ್ನೇ ತಿಕ್ಕಿದ್ದೇನೆ. ಮಾವ ತಮ್ಮಪ್ಪ ಮಾಡಿದ್ದ ಹಳೆಯ ಚಕ್ಕಡಿಯನ್ನು ಬಿಚ್ಚಿ, ಅದರ ಕಟ್ಟಿಗೆಯಿಂದ ಚೌಕಟ್ಟು ಕೂರಿಸಿದರು. ನಾಲ್ಕು ಸಲ ಉಳವಿ ಜಾತ್ರೆಗೆ ಹೋಗಿಬಂದ ಕಟ್ಟಿಗೆ, ದಾರಿ ಅದಕ್ಕೇ ಗೊತ್ತು ಅನ್ನುತ್ತಿದ್ದರು. ನಿಮ್ಮಣ್ಣ ತಗಡು ಬಡಿದರು. ಅತ್ತೆ ಸೀಟಿಗೆ ರೆಗ್ಜಿನ್ ಹೊಲಿದರು, ಥೇಟ್ ಕೌದಿ ಹೊಲಿಗೆ. ಯಾವ ದೇಶದ ಸಾಹೇಬರ ಕಾರಿಗೂ ಅಂಥ ಸೀಟು ಇರಲಾರದು.

ಮತ್ತೆ ನೀನು. ಎಲ್ಲರೂ ಒಂದೊಂದು ಭಾಗ ಬಲ್ಲವರಾದರೆ ಇಡೀ ಕಾರು ಗೊತ್ತಿದ್ದದ್ದು ನಿನಗೆ. ಯಾವ ವಯರು ಎಲ್ಲಿಗೆ, ಯಾವ ಬೋಲ್ಟು ಯಾವ ಡಬ್ಬಿಯಲ್ಲಿ, ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದೆ. ಎಂಜಿನ್ನಿಲ್ಲದ ಕಾರಿನಲ್ಲಿ ಕೂತು ಸ್ಟೇರಿಂಗು ತಿರುಗಿಸುತ್ತ ನನ್ನನ್ನು ಎಷ್ಟು ಸಲ ಮೌಳಂಗಿಯ ಹೊಳೆ ದಂಡೆಗೆ ಕರೆದುಕೊಂಡು ಹೋಗಿಲ್ಲ ನೀನು! ಬಾಯಿಂದಲೇ ಹಾರ್ನ್. ಮಾವ ಅದನ್ನು ನೋಡಿಯೇ ಒಮ್ಮೆ ಅಂದದ್ದು: “ಮೊದಲನೇ ಸಲ ಇದನ್ನ ಹೊಡಿಯಾಕಿ ನೀನ. ನಾ ಮಗ್ಗಲಾಗ ಕುಂದರ್ತೇನಿ.” ಆಗ ನಿನ್ನ ಮುಖ ಹೇಗಾಗಿತ್ತು ಅಂದರೆ, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು, ಈಗ ಹೇಳುತ್ತೇನೆ.

ಹಾಲು ಉಕ್ಕುವ ಜಾಗ ಬಂತು, ಗಂಗಾ. ಏಳಬೇಡ.

ಎಂಜಿನ್ ಹಿಂದಿನ ದಪ್ಪ ಚಕ್ರದ ಸುತ್ತ ಹಲ್ಲಿರುವ ಬಳೆಯೊಂದು ಕೂರಬೇಕಿತ್ತು. ಅದಿಲ್ಲದಿದ್ದರೆ ಕೀಲಿ ತಿರುವಿದರೂ ಎಂಜಿನ್ ಏಳುವುದಿಲ್ಲ. ಹಳೆಯದರ ಹಲ್ಲೆಲ್ಲ ಸವೆದಿತ್ತು. ರಜಾಕ ಮಾಮಾ ಹುಡುಕಿ ಹುಡುಕಿ ಕೊಲ್ಲಾಪುರದಿಂದ ಒಂದೇ ಒಂದನ್ನು ತರಿಸಿದರು. ಅವರು ಅದಕ್ಕೆ ರಿಂಗ್ ಗೇರ್ ಅಂದರು, ಮಾವ ಹಲ್ಲಿನ ಹಳಿ ಅಂದರು. ಕಾಸಿ, ಹಿಗ್ಗಿಸಿ, ಚಕ್ರಕ್ಕೆ ತೊಡಿಸಿದರೆ ತಣ್ಣಗಾಗುತ್ತ ಬಿಗಿ ಹಿಡಿಯುತ್ತದೆ ಎಂದಾಗ ಮಾವ ನಕ್ಕೇಬಿಟ್ಟರು. ಚಕ್ಕಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ಹಾಕುವುದೂ ಹಾಗೇ ಅಲ್ಲವೇ? “ನಾ ಬರೂತನಕ ತಡೀರಿ” ಎಂದು ಮಾಮಾ ಹೇಳಿದ್ದರು. ತಡೆದವರು ಯಾರು! “ಹಳಿ ಹಾಕೂದು ನನಗ ಹೇಳಿಕೊಡಬೇಕೇನ?” ಎಂದು ಮಾವ ಕುಳ್ಳಿನ ಬೆಂಕಿ ಹಾಕಿಯೇಬಿಟ್ಟರು.

ಈ ಮನೆಯಲ್ಲಿ ಹಳಿ ಹಾಕುವಾಗ ನಮ್ಮ ಕೆಲಸ ಏನೆಂದು ಬೇರೆ ಹೇಳಬೇಕಿಲ್ಲ. ಹೆಂಗಸರು ಕೊಡ ತುಂಬಿ ಸುತ್ತ ನಿಲ್ಲಬೇಕು. ಕೆಂಪು ಹಳಿ ಗಾಲಿಗೆ ಬಿದ್ದ ಕ್ಷಣ ನೀರು ಬೀಳಬೇಕು, ಇಲ್ಲದಿದ್ದರೆ ಕಟ್ಟಿಗೆ ಹೊತ್ತುತ್ತದೆ. ಮೊದಲ ಕೊಡ ಯಾವಾಗಲೂ ಮನೆಮಗಳದು. ಆದರೆ ಇಲ್ಲಿ ಹೊತ್ತುವ ಕಟ್ಟಿಗೆಯೇ ಇರಲಿಲ್ಲ, ಒಳಗೂ ಕಬ್ಬಿಣ, ಹೊರಗೂ ಕಬ್ಬಿಣ. ಅಷ್ಟು ಜನರಲ್ಲಿ ಒಬ್ಬರಿಗೂ ಅದು ಹೊಳೆಯಲಿಲ್ಲ. ನಾವೂ ಕೊಡ ಹಿಡಿದು ಸಾಲಾಗಿ ನಿಂತೆವು. ಹಳಿ ಬಿತ್ತು, ನೀನು ನೀರು ಹಾಕಿದೆ. ಹೊಗೆಯೊಳಗೆ ಸಣ್ಣಗೆ ‘ಟಿಕ್’ ಅಂದಿತು. ಹಲ್ಲಿನ ಹಳಿ ಸೀಳಿತ್ತು.

ಮಾವ ನಿನ್ನ ಕಡೆ ತಿರುಗಿ ಹೇಳಿದ ಮಾತನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯಬೇಕು. “ನೀರ ಹಾಕಂತ ಯಾರು ಹೇಳಿದ್ರ ನಿನಗ? ಇನ್ನ ಮ್ಯಾಲ ಇದಕ್ಕ ಕೈ ಹಚ್ಚಬ್ಯಾಡ.”

ನೀನು ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದೆ. ತಳ್ಳಿಯಾದರೂ ಚಾಲೂ ಮಾಡೋಣ ಎಂದು ರಜಾಕ ಮಾಮಾ ಅಂದರೆ, “ತಳ್ಳೂ ಗಾಡಿ ಮಾಡಾಕ ಇಷ್ಟ ವರ್ಷ ದುಡಿದೇವೇನು?” ಎಂದು ಮಾವ ಕಾರಿಗೆ ತಾಡಪಾಲು ಮುಚ್ಚಿದರು. ಆಮೇಲೆ ನಿನ್ನ ಮದುವೆ ಬಂತು. ಪಂಚಮಿಗೆ ತವರಿಗೆ ಬಂದರೆ ಕಾರು ನಿಂತ ಕೊಟ್ಟಿಗೆಯ ಕಡೆ ಹಾಯದೆ ಸುತ್ತು ಬಳಸಿ ಹಿತ್ತಲಿಗೆ ಹೋಗುತ್ತೀ. ಇನ್ನೊಂದು ಸಂಗತಿ ನಿನಗೆ ಗೊತ್ತಿದೆಯೋ ಇಲ್ಲವೋ. ಅವತ್ತಿನಿಂದ ನೀನು ಅಪ್ಪನಿಗೆ ನಿನ್ನ ಕೈಯಾರೆ ನೀರು ಕೊಟ್ಟಿಲ್ಲ. ಊಟಕ್ಕೆ ಬಡಿಸುತ್ತೀ, ಚಹಾ ಕೊಡುತ್ತೀ. ನೀರು ಕೇಳಿದರೆ ಮಾತ್ರ “ವೈನೀ, ಅಪ್ಪಗ ನೀರಂತ” ಎಂದು ನನ್ನನ್ನು ಕರೆಯುತ್ತೀ. ನಾನು ಗಮನಿಸಿದ್ದೇನೆ, ಮಾವನೂ ಗಮನಿಸಿದ್ದಾರೆ.

ಈಗ ಸಿಹಿ ಸುದ್ದಿ ಕೇಳು! ಹೋದ ತಿಂಗಳು ಗೋವಾದ ಒಂದು ಗುಜರಿಯಲ್ಲಿ ರಜಾಕ ಮಾಮಾಗೆ ಅಂಥದೇ ಇನ್ನೊಂದು ಹಳಿ ಸಿಕ್ಕಿತು. ಗೋಣಿಚೀಲದಲ್ಲಿ ಸುತ್ತಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿನಲ್ಲಿ ಅದನ್ನು ಕೂರಿಸಿ, ತಾವು ಘಟ್ಟದ ದಾರಿಯುದ್ದಕ್ಕೂ ನಿಂತುಕೊಂಡು ಬಂದರಂತೆ. ಹೊಸ ಸೊಸೆಯನ್ನೂ ಯಾರೂ ಹಾಗೆ ಕರೆತರುವುದಿಲ್ಲ.

ಈ ಸಲ ಹಳಿ ತೊಡಿಸುವಾಗ ಮಾಮಾ ಎದುರಿಗೇ ಇದ್ದರು. “ಕರಿಬಸಣ್ಣಾ, ಅಂಗಳದಾಗ ಪಾನಿ ಬಿಲ್ಕುಲ್ ಇರಬಾರದು” ಎಂದು ಮಾವನಿಗೆ ಹೇಳಿ ಕೊಡ, ಬಿಂದಿಗೆ, ಕಡೆಗೆ ಕೋಳಿಗೆ ಇಟ್ಟಿದ್ದ ನೀರಿನ ಪರಟೆಯನ್ನೂ ಎತ್ತಿಸಿದರು. ಕೆಂಪಗೆ ಕಾಸುವುದೂ ಬೇಡ ಅಂದರು. ನಾನು ತಿಕ್ಕಿ ಹೊಳೆಸಿದ್ದ ಕಬ್ಬಿಣ ಒಣಹುಲ್ಲಿನ ಬಣ್ಣಕ್ಕೆ ಬಂದ ಕೂಡಲೇ ನಿಮ್ಮಣ್ಣ ಇಕ್ಕಳದಲ್ಲಿ ಎತ್ತಿದರು. ಹಳಿ ‘ಠಣ್’ ಎಂದು ಚಕ್ರಕ್ಕೆ ಕೂತಿತು, ಬೆರಳಿಗೆ ಉಂಗುರ ಕೂತ ಹಾಗೆ.

ಆಗ ಮಾವ ನೆಟ್ಟಗೆ ನಿಂತು, ಬಲಗೈ ಮೇಲೆತ್ತಿ, ಓಣಿಯೆಲ್ಲ ಕೇಳುವ ಹಾಗೆ ಒದರಿದರು: “ನೀರ! ಹಾಕ ಗಂಗಾ, ನೀರ ಹಾಕ!”

ಅಂಗಳದಲ್ಲಿ ಒಂದು ಹನಿ ನೀರಿರಲಿಲ್ಲ. ನೀನೂ ಇರಲಿಲ್ಲ. ಮಾವನ ಕೈ ಹಾಗೇ ಮೇಲೆ ನಿಂತುಬಿಟ್ಟಿತು. ಅವರು ಮೆಲ್ಲಗೆ ಅತ್ತೆಯನ್ನು ಕೇಳಿದರು, “ಕಾಶೆವ್ವಾ, ಅವತ್ತೂ ನಾನ ಒದರಿದ್ನೇನ?”

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹೌದೆಂದು ತಲೆಯಾಡಿಸಿದರು. ನನಗೂ ಆಗಲೇ ನೆನಪಾದದ್ದು. ಈ ಮನೆಯಲ್ಲಿ ಹಳಿ ಬಿದ್ದಾಗಲೆಲ್ಲ ಆ ಕೂಗು ಏಳುತ್ತದೆ. ಕೇಳಿ ಕೇಳಿ ನಮ್ಮ ಕಿವಿಗೆ ಅದು ಹೊಗುವುದೇ ಇಲ್ಲ, ಒದರಿದವರ ಕಿವಿಗೂ ಹೊಕ್ಕಿರಲಿಲ್ಲ. ಮಾವ ಚೌಕಟ್ಟಿನ ಮರಕ್ಕೆ ಬೆನ್ನು ಕೊಟ್ಟು ನೆಲಕ್ಕೆ ಕೂತರು. “ಮಗಳು ನನ್ನ ಮಾತ ಕೇಳಿದ್ಲು. ಆಕಿ ಮಾಡಿದ ತಪ್ಪ ಅಷ್ಟ” ಎಂದು ಸಣ್ಣ ಹುಡುಗರ ಹಾಗೆ ಅತ್ತರು ಗಂಗಾ. ಅವರು ಅಳುವುದನ್ನು ನಾನು ಮೊದಲ ಸಲ ನೋಡಿದೆ.

ನಮಗ್ಯಾರಿಗೂ ಕೇಳಿಸಲಿಲ್ಲ ಅಂದೆ. ಆದರೆ ನಿನಗೆ ಕೇಳಿಸಿತ್ತು. ಕೇಳಿಸಿದ್ದರಿಂದಲೇ ನೀರು ಹಾಕಿದೆ. “ಯಾರು ಹೇಳಿದ್ರ?” ಎಂದು ಅವರು ಕೇಳಿದಾಗ “ನೀನ ಹೇಳಿದಿ ಅಪ್ಪಾ” ಅನ್ನಲು ನಿನಗೆ ಎಷ್ಟು ಹೊತ್ತು ಬೇಕಿತ್ತು? ಅನ್ನಲಿಲ್ಲ. ಅಷ್ಟು ಜನರ ಮುಂದೆ ಅಪ್ಪನ ಕೈ ತಪ್ಪಿತು ಅನ್ನಿಸಿಕೊಳ್ಳಬಾರದು ಎಂದು ಇಷ್ಟು ವರ್ಷ ಆ ಮಾತು ನುಂಗಿಕೊಂಡು ಕೂತೆಯಲ್ಲೇ ಹುಚ್ಚಿ! ನಿನ್ನ ಮೇಲೆ ನನಗೆ ಸಿಟ್ಟು ಬಂದಿದೆ. ಅದಕ್ಕಿಂತ ಹೆಚ್ಚು ಹೆಮ್ಮೆ ಬಂದಿದೆ. ಎದುರಿಗಿದ್ದಿದ್ದರೆ ಬೆನ್ನಿಗೊಂದು ಗುದ್ದಿ ಆಮೇಲೆ ಅಪ್ಪಿಕೊಳ್ಳುತ್ತಿದ್ದೆ.

ನಿನ್ನೆ ಎಂಜಿನ್ ಎದ್ದ ಮೇಲೆ ಏನಾಯಿತೆಂದು ಇನ್ನೂ ಹೇಳಿಲ್ಲ. ನಿಮ್ಮಣ್ಣ ಕುಣಿಯುತ್ತ ಕಾರಿನ ಕೆಳಗಿನ ದಿಮ್ಮಿ ತೆಗೆಯಲು ಹೋದರು. ಮಾವ ಎಂಜಿನ್ ಆರಿಸಿ ಕೀಲಿ ಕಿತ್ತುಕೊಂಡು ಅಂಗಿಯ ಒಳಜೇಬಿಗೆ ಹಾಕಿದರು. “ಗಂಗಾ ಬಂದು ಕುಂದರೂತನಕ ಇದರ ಗಾಲಿ ನೆಲಕ್ಕ ಹತ್ತಬಾರದು” ಅಂದರು. ಹಾಗಾಗಿ ಕಾರು ಈಗ ನಾಲ್ಕು ದಿಮ್ಮಿಯ ಮೇಲೆ ಗಾಲಿ ಎತ್ತಿಕೊಂಡು ನಿಂತಿದೆ. ಅದರ ಪಕ್ಕದಲ್ಲಿ ಓಣಿಯ ಅರ್ಧ ಜನ. ಇವತ್ತು ಕಣದವರೆಗೆ ಒಂದು ಸುತ್ತು, ದೊಡ್ಡ ರಸ್ತೆ ಆಮೇಲೆ ನೋಡೋಣ ಎಂದು ರಜಾಕ ಮಾಮಾ ಅಂದಿದ್ದಾರೆ. ಅತ್ತೆ ಆಗಲೇ ಹಿಂದಿನ ಸಾಮಾನಿನ ಜಾಗದಲ್ಲಿ ತಾನು ಹಿಡಿಸುತ್ತೇನೋ ಇಲ್ಲವೋ ಎಂದು ಕೂತು ನೋಡಿದ್ದಾರೆ. ಹಿಡಿಸುವುದಿಲ್ಲ. ಹೇಳಲು ಯಾರಿಗೂ ಧೈರ್ಯವಿಲ್ಲ.

ನೀನು ಇದನ್ನು ಓದುವ ಹೊತ್ತಿಗೆ ಕೀಲಿ ಮಾತ್ರ ಹಳಿಯಾಳದಲ್ಲಿರುವುದಿಲ್ಲ. ಅದು ಇವತ್ತು ಬೆಳಗಿನ ಮುಂಡಗೋಡ ಬಸ್ಸು ಹತ್ತಿರುತ್ತದೆ, ಈ ಕಾಗದದ ಜೊತೆ, ಅತ್ತೆ ಮಾಡಿದ ಶೇಂಗಾ ಹೋಳಿಗೆಯ ಗಂಟಿನ ಜೊತೆ. ಕಾಗದವನ್ನು ಅಳಿಯಂದಿರ ಕೈಗೆ ಕೊಟ್ಟು, ಆಕೆ ಓದಿ ಮುಗಿಸುವವರೆಗೆ ಹೊರಗೆ ಕಟ್ಟೆಯ ಮೇಲೆ ಕೂತಿರಿ, ಬಾಯಿ ಬಿಡಬೇಡಿ ಎಂದು ಮಾವನಿಗೆ ನಾನೇ ತಾಕೀತು ಮಾಡಿದ್ದೇನೆ. ಈಗ ನಿಮ್ಮ ಕಟ್ಟೆಯ ಮೇಲೆ, ಒಗೆದ ಬಿಳಿ ಅಂಗಿ ಹಾಕಿಕೊಂಡು, ಒಳಜೇಬನ್ನು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತ ಕೂತಿರುತ್ತಾರೆ. ತಪ್ಪಾಯಿತು ಅನ್ನಲು ಅವರಿಗೆ ಬರುವುದಿಲ್ಲ. ಬೆಳಿಗ್ಗೆ ಎದ್ದು ಇಲ್ಲೇ ನನ್ನ ಮುಂದೆ ಎರಡು ಸಲ ರೂಢಿ ಮಾಡಿದರು, ಎರಡು ಸಲವೂ ಅರ್ಧಕ್ಕೇ ನಿಂತಿತು. ನಿನ್ನನ್ನು ಕಂಡ ಕೂಡಲೇ ಬಾಯಿಗೆ ಬಂದದ್ದನ್ನೇ ಕೇಳುತ್ತಾರೆ, ನನಗೆ ಗೊತ್ತು. ಬಿಸಿಲಲ್ಲಿ ಬಂದ ಜೀವ. “ನೀರ ಕೊಡವಾ ಗಂಗಾ” ಅನ್ನುತ್ತಾರೆ.

ಯಾರನ್ನೂ ಕರೆಯಬೇಡ. ನಿನ್ನ ಕೈಯಾರೆ ಕೊಡು.

ಸಂಜೆಯ ಬಸ್ಸಿಗೆ ನಿಮ್ಮಿಬ್ಬರ ದಾರಿ ಕಾಯುತ್ತೇವೆ. ನಿನ್ನ ಕೈ ಹಿಡಿದ ಸ್ಟೇರಿಂಗು ಎಂದೂ ದಾರಿ ತಪ್ಪದಿರಲಿ, ನಿನ್ನ ಒಲೆಯ ಮೇಲಿನ ಹಾಲು ಇನ್ನು ಮೇಲೆ ಹಬ್ಬಕ್ಕಷ್ಟೇ ಉಕ್ಕಲಿ.

ದಿಮ್ಮಿಯ ಪಕ್ಕದಲ್ಲೇ ಕೂತು ಬರೆದ,
ನಿನ್ನ ವೈನಿ
ಸುಮಿತಾ