ಮಾವ ಪಂದ್ಯ ನೋಡಿದರು

ಅತ್ತೆ,

ನೀವು ತೀರಿಕೊಂಡ ಮೇಲೆ ಫುಟ್‌ಬಾಲ್ ಮಾತಿಗೆ ನನಗೆ ಯಾರೂ ಇಲ್ಲ. ನಿಮ್ಮ ಮಗ ಪಂದ್ಯ ಶುರುವಾದರೆ ಗೊರಕೆ ಹೊಡೆಯುತ್ತಾರೆ. ಅದಕ್ಕೇ ಈ ಕಾಗದ.

ನಿನ್ನೆ ನಿಮ್ಮ ಗೋಲ್‌ಕೀಪರ್ ಪೆನಾಲ್ಟಿ ತಡೆದ. ತಂಡ ಮಾತ್ರ ಎಂದಿನಂತೆ ಸೋತಿತು. ಸುದ್ದಿ ಅದಲ್ಲ. ಆಟವೆಂದರೆ ಮೂಗು ಮುರಿಯುತ್ತಿದ್ದ ಮಾವ ತಾವಾಗಿಯೇ ಬಂದು ಸೋಫಾದ ನಿಮ್ಮ ಮೂಲೆಯಲ್ಲಿ ಕೂತರು.

“ಅವಳಿಗೆ ಇದ್ರಲ್ಲಿ ಯಾರು ಇಷ್ಟ?”

“ಆ ಗೋಲ್‌ಕೀಪರ್, ಮಾವ. ಬಿದ್ರೆ ನಾಟಕ ಆಡಲ್ಲ, ಮಣ್ಣು ಕೊಡವಿಕೊಂಡು ಏಳ್ತಾನೆ ಅಂತಿದ್ರು.”

“ಸಿನಿಮಾದಲ್ಲಿ?”

“ವಿಲನ್‌ಗಳು. ಹೀರೋಗಿಂತ ಅವರೇ ಇಸ್ತ್ರಿ ಮಾಡಿದ ಬಟ್ಟೆ ಹಾಕ್ತಾರಂತೆ.”

ಮಾವ ಬಿದ್ದು ಬಿದ್ದು ನಕ್ಕರು. ನಿಮಗೆ ಕಾಫಿಗಿಂತ ಅದರ ವಾಸನೆಯೇ ಇಷ್ಟವಿತ್ತೆಂಬುದೂ ಅವರಿಗೆ ಗೊತ್ತಿರಲಿಲ್ಲ. ಆದರೆ ರೆಫ್ರಿ ಫೌಲ್ ಕೊಡದಿದ್ದಾಗ ಎದ್ದು ನಿಂತು, “ಕಣ್ಣು ಮನೇಲಿ ಬಿಟ್ಟು ಬಂದ್ಯೇನೋ!” ಎಂದು ಟಿವಿಗೇ ಬೈದರು. ಥೇಟ್ ನೀವೇ. ಇಷ್ಟು ವರ್ಷ ಪಕ್ಕದ ಕೋಣೆಯಲ್ಲಿ ಕೂತು ಕೇಳಿಸಿಕೊಂಡಿದ್ದಾರೆ.

ಪಂದ್ಯ ಮುಗಿದ ಮೇಲೆ ಕನ್ನಡಕ ಒರೆಸುತ್ತಾ, “ಇಷ್ಟು ಮಜಾ ಇರುತ್ತೆ ಅಂತ ನನ್ನನ್ನ ಒಂದಿನ ಆದ್ರೂ ಕರೀಬಾರ್ದಿತ್ತಾ ಅವಳು?” ಎಂದರು.

ನೀವು ಪ್ರತಿ ಸಲವೂ ಕರೆಯುತ್ತಿದ್ದಿರಿ.

“ಶನಿವಾರ ಇನ್ನೊಂದಿದೆ, ಮಾವ,” ಎಂದೆ.