ಎಣ್ಣೆ ಹಚ್ಚಿದ ಕೈ

ಕುಷಾಯಿಗೂಡ, ಮಂಗಳವಾರ ಸಂಜೆ

ಅಳಿಯಂದಿರಾದ ಚಿ. ವಿಶ್ವಜಿತ್ ಅವರಿಗೆ ಅತ್ತೆ ಶಿವದೇವಿಯ ಆಶೀರ್ವಾದ. ಆಶೀರ್ವಾದ ಮಾಡುವ ಯೋಗ್ಯತೆ ನನಗೆ ಉಳಿದಿದೆಯೋ ಇಲ್ಲವೋ, ಆದರೂ ಬರೆದಿದ್ದೇನೆ.

ಲಹರಿ ಎದ್ದು ಕುಳಿತು ಗಂಜಿ ಕುಡಿದಳು. ನಾಳೆ ಮನೆಗೆ ಬಿಡುತ್ತಾರೆ. ಅದಕ್ಕೇ ಇವತ್ತು ಡಾಕ್ಟರು ಫೈಲು ಬಿಚ್ಚಿ ನನಗೆ ಎಲ್ಲ ತಿಳಿಸಿದರು. 

ಆಪರೇಷನ್ನಿನ ದಿನ, ಎಡಪಕ್ಕೆಯೊಳಗಿನ ಗುಲ್ಮ ಸೀಳಿ ಹೊಟ್ಟೆಯೊಳಗೆ ರಕ್ತ ತುಂಬಿದೆ ಎಂದು ಅವರು ಏನೆಲ್ಲ ಕೇಳಿದರು! ಬಿದ್ದಳೇ? ಗಾಡಿಯಿಂದ ಜಾರಿದಳೇ? ರಕ್ತ ತೆಳುವಾಗುವ ಗುಳಿಗೆ ತಗೊಳ್ಳುತ್ತಾಳೆಯೇ? ಯಾರಾದರೂ ಹೊಡೆದರೇ? ಎಲ್ಲಕ್ಕೂ ಇಲ್ಲ ಎಂದೆ. ಕೊನೆಯದಕ್ಕೆ ಮಾತ್ರ ತಿರುಗಿ ನಿಮ್ಮ ಮುಖ ನೋಡಿದೆ. ‘ನನ್ನ ಮಗಳಿಗೆ ಏನ್ ಮಾಡೀರಿ? ಖರೇ ಹೇಳ್ರಿ!’ ಎಂದು ಹತ್ತು ಜನರ ಮುಂದೆ ಕಿರುಚಿದೆ. ನಮ್ಮ ಹೊಸ್ತಿಲು ತುಳಿಯಬೇಡಿ ಎಂದೂ ಅಂದೆ. ನೀವು ತಲೆ ತಗ್ಗಿಸಿದಿರಿ. ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡೆ.

ಮಲೇರಿಯಾದಿಂದ ಗುಲ್ಮ ಊದಿಕೊಂಡಿತ್ತಂತೆ. ಊದಿದ್ದು ತಾನಾಗಿಯೂ ಸೀಳಬಹುದು, ಒತ್ತಿದರೂ ಸೀಳಬಹುದು, ಇಂಥದ್ದೇ ಎಂದು ಹೇಳಲಾಗದಂತೆ. ಆಮೇಲೆ ಡಾಕ್ಟರು, ಆಸ್ಪತ್ರೆಗೆ ಸೇರಿಸುವಾಗ ಬರೆದ ಮೊದಲ ಹಾಳೆಯನ್ನು ತೆಲುಗಿನಲ್ಲಿ ಓದಿ ಹೇಳಿದರು. ಹಿಂದಿನ ದಿನ ಮನೆಯಲ್ಲಿ ಹೊಟ್ಟೆಯನ್ನು ಗಟ್ಟಿಯಾಗಿ ತಿಕ್ಕಿದ್ದಾರೆ, ತಿಳಿಸಿದವರು ಗಂಡ, ಎಂದಿತ್ತು.

ಅಂದರೆ, ನಾನು ಕಿರುಚುವ ಮೊದಲೇ ನಿಮಗೆ ಗೊತ್ತಿತ್ತು!

ಹೊಟ್ಟೆನೋವೆಂದರೆ ಬಟ್ಟಿ ಜಾರಿದೆ, ಹೊಕ್ಕುಳು ಸರಿದಿದೆ ಎಂದು ಎಣ್ಣೆ ಹಚ್ಚಿ ತಿಕ್ಕುವುದಕ್ಕೆ ಇಡೀ ಕಾಲೊನಿಗೆ ನಾನೇ. ಜ್ವರ ಬಿಟ್ಟು ತವರಿಗೆ ಬಂದ ಮಗಳಿಗೂ ತಿಕ್ಕಿದೆ. ನನ್ನ ಲೆಕ್ಕದಲ್ಲಿ ಅದು ಮದ್ದು. ಡಾಕ್ಟರು ಪೆಟ್ಟಿನ ಮಾತೆತ್ತಿದಾಗ ನನ್ನ ಕೈ ನನಗೆ ನೆನಪಾಗಲೇ ಇಲ್ಲ. ನಾನು ತಿಕ್ಕುವಾಗ ನೀವು ಬಾಗಿಲಲ್ಲಿ ನಿಂತು ‘ಅತ್ತೀ, ಸಾಕ್ರಿ. ಆಕಿಗೆ ಭಾಳ ತ್ರಾಸ ಆಗಾಕತ್ತೈತಿ’ ಎಂದಿರಿ. ‘ನಿಮಗೇನ್ ತಿಳೀತೈತಿ, ಸುಮ್ನಿರ್ರಿ’ ಎಂದು ಗದರಿದವಳು ನಾನು.

ಐದು ದಿನದಿಂದ ಕಾಚಿಗೂಡದ ಲಾಡ್ಜಿನಲ್ಲಿದ್ದೀರಿ. ನಿಮ್ಮ ರಾಯಚೂರಿಗೂ ಹೋಗಿಲ್ಲ, ಫೋನಿನಲ್ಲಿ ಲಹರಿಗೂ ಇದೊಂದನ್ನೂ ಹೇಳಿಲ್ಲ. ಯಾಕ್ರೀ ಅಷ್ಟು ಒಳ್ಳೆಯವರಾದಿರಿ? ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಈಗಷ್ಟೇ ಅವಳು ‘ಅವ್ವಾ, ತಲಿ ಸ್ವಲ್ಪ ಒತ್ತು’ ಎಂದಳು. ನನ್ನ ಕೈ ಮುಂದೆ ಹೋಗಲಿಲ್ಲ.

ಬುತ್ತಿಯ ಜೊತೆ ಈ ಪತ್ರವನ್ನು ನಿಮ್ಮ ಮಾವನವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬನ್ನಿ. ನಿಮ್ಮ ಹೆಂಡತಿಯನ್ನು ನೀವೇ ಕೈಹಿಡಿದು ನಮ್ಮ ಹೊಸ್ತಿಲು ದಾಟಿಸಿ. ಒಳಗೆ ಬಂದ ಮೇಲೆ ಎಲ್ಲವನ್ನೂ ಅವಳಿಗೆ ನಾನೇ ಹೇಳುತ್ತೇನೆ. ಆಗ ಮಾತ್ರ, ದಯವಿಟ್ಟು, ‘ಅತ್ತೀ, ಸಾಕ್ರಿ’ ಅನ್ನಬೇಡಿ.

ನಿಮ್ಮಿಬ್ಬರ ಸಂಸಾರ ತಣ್ಣಗಿರಲಿ.

ತಪ್ಪಿತಸ್ಥೆ,
ಶಿವದೇವಿ