ಅವಳು ಎಳೆದ ಅಡ್ಡಗೆರೆ

ನವೆಂಬರ್ 12, ಬುಧವಾರ

ಆ ಸೊನ್ನೆ ಇನ್ನೂ ಕಣ್ಣ ಮುಂದೆಯೇ ಇದೆ. ಹಾಕಿದವಳು ನಾನೇ.

ಎಂಟನೇ ತರಗತಿಯ ಕಿರುಪರೀಕ್ಷೆಗೆ ಎಂದಿನಂತೆ ಧರ್ಮಗಳ ಪಟ್ಟಿ ಕೊಟ್ಟಿದ್ದೆ: ಒಂದು ಕಡೆ ಧರ್ಮ, ಅದರೆದುರು ಸ್ಥಾಪಕರು. ಹಿಂದೂ ಧರ್ಮದೆದುರು 'ಋಷಿಗಳು' ಎಂದು ಬರೆದವರಿಗೆಲ್ಲ ಅಂಕ. ಎಲ್ಲರೂ 'ಮೌನಗೌರಿ' ಎಂದು ಕರೆಯುವ ಹುಡುಗಿಯೊಬ್ಬಳು ಮಾತ್ರ ಆ ಜಾಗಕ್ಕೆ ಅಡ್ಡಗೆರೆ ಎಳೆದಿದ್ದಳು. ಉತ್ತರ ಗೊತ್ತಿಲ್ಲ ಪಾಪ ಎಂದುಕೊಂಡು ಸೊನ್ನೆ ಸುತ್ತಿದ್ದೆ.

ಇವತ್ತು ಉತ್ತರಪತ್ರಿಕೆ ಹಿಡಿದು ಮೇಜಿನ ಹತ್ತಿರ ಬಂದಳು.

"ಮಿಸ್, ಹಿಂದೂ ಧರ್ಮ ಯಾರೋ ಒಂದಿನ ಶುರು ಮಾಡಿದ್ದಲ್ಲ ಅಂತ ನೀವೇ ಹೇಳಿದ್ರಲ್ಲ. ಋಷಿಗಳಾದ್ಮೇಲೂ ಕುಂಬಾರರು, ನೇಕಾರರು, ಹೆಂಗಸರು ಎಲ್ಲಾ ಹಾಡಿ ಹಾಡಿ ಸೇರಿಸಿದ್ರು ಅಂದ್ರಿ. ಅವರಿಗೆ ಈ ಪಟ್ಟೀಲಿ ಜಾಗ ಎಲ್ಲಿದೆ?"

"ಎಲ್ಲರ ಹೆಸರೂ ಬರೆಯೋಕೆ ಅಡಿಷನಲ್ ಶೀಟ್ ಬೇಕು ಮಿಸ್!" ಎಂದು ಹಿಂದಿನ ಬೆಂಚು ಕೂಗಿತು. ತರಗತಿ ಗೊಳ್ಳೆಂದಿತು.

ಹತ್ತೊಂಬತ್ತು ವರ್ಷದಿಂದ ಪಾಠದಲ್ಲಿ ಒಂದು ಹೇಳಿ ಪರೀಕ್ಷೆಯಲ್ಲಿ ಇನ್ನೊಂದು ಕೇಳುತ್ತಿದ್ದೇನೆ. ಹೊಳೆದೇ ಇರಲಿಲ್ಲ, ನನ್ನ ತಲೆಗಿಷ್ಟು! "ಪ್ರಶ್ನೆಯೇ ತಪ್ಪು. ತಪ್ಪು ನನ್ನದು," ಎಂದು ಎಲ್ಲರೆದುರೇ ಹೇಳಿ ಆ ಸೊನ್ನೆಯನ್ನು ಹೊಡೆದುಹಾಕಿದೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು ಇದನ್ನು ಕೇಳಿ ನಕ್ಕರು: "ಅಂತೂ ಒಂದು ಚಿಕ್ಕ ಹುಡುಗಿ ನಿನ್ನ ಮರ್ಯಾದೆ ತೆಗೆದ್ಲು ಅನ್ನು!"

ತೆಗೆದಳೇ? ನನಗೇನೋ ಎರಡು ಕೋಡು ಮೂಡಿದ ಹಾಗಿದೆ. ಮೂವತ್ತೇಳು ಮಕ್ಕಳು ನನ್ನ ಪಟ್ಟಿಯನ್ನು ನಂಬಿದರು. ಅವಳೊಬ್ಬಳು ನನ್ನ ಪಾಠವನ್ನು ನಂಬಿದಳು.